ನಳಿಗೆ ಯಾರ ಕಡೆಗಿತ್ತು

ಆ ಕ್ಲಬ್ಬಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸೀಟಿಯಕ್ಕ. ಊರಾಚೆ, ಇಟ್ಟಿಗೆಗೆಂದು ಮಣ್ಣು ಅಗೆದು ಬಿಟ್ಟ ಹಳ್ಳದಲ್ಲಿ ಕ್ಲಬ್ಬಿನ ರೈಫಲ್ ರೇಂಜ್ ಇತ್ತು. ಒಂದು ಕಡೆ ತಗಡಿನ ಚಾವಣಿ, ಅದರ ಕೆಳಗೆ ಮಲಗಿಕೊಂಡು ಗುಂಡು ಹೊಡೆಯಲು ಸಾಲಾಗಿ ಹಾಸಿದ ಚಾಪೆಗಳು, ಐವತ್ತು ಮೀಟರ್ ಆಚೆ ಗುರಿಯ ಕಾಗದ ಸಿಕ್ಕಿಸುವ ಹಲಗೆಗಳು, ಅವುಗಳ ಬೆನ್ನಿಗೆ ಎತ್ತರದ ಮಣ್ಣಿನ ದಿಬ್ಬ. ಅಲ್ಲಿ ಗುಂಡು ಯಾವಾಗ ಹಾರಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಅಧಿಕಾರ ಅವಳದು. ಕಿವಿಗೆ ಮುಚ್ಚಳ ಹಾಕಿಕೊಂಡವರಿಗೂ ಕೇಳಲಿ ಎಂದು ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು. ಅದು ಕೂಗಿತೆಂದರೆ ಎಲ್ಲರೂ ನಿಲ್ಲಿಸಬೇಕು, ಒಳಗಿನ ಗುಂಡು ತೆಗೆಯಬೇಕು, ಗುಂಡಿನ ಗೂಡನ್ನು ಮುಚ್ಚುವ ಬೋಲ್ಟ್ ತೆರೆದಿಡಬೇಕು. ಅವಳು ಒಂದೊಂದೇ ರೈಫಲ್ಲಿನೊಳಗೆ ಬಗ್ಗಿ ಕಣ್ಣು ಹಾಯಿಸಿ 'ಖಾಲಿ' ಎಂದ ಮೇಲೆಯೇ ಚಾಪೆಯಿಂದ ಮೈ ಎತ್ತಬೇಕು. ಇದರಲ್ಲಿ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಮ್ಮೆ ಅವಳ ಗಂಡನೇ ರೈಫಲ್ ಕೈಯಲ್ಲಿ ಹಿಡಿದುಕೊಂಡು, ಏನೋ ಕೇಳಲು ಅವಳ ಕಡೆಗೆ ತಿರುಗಿಬಿಟ್ಟಿದ್ದ. "ಮನೆಗೆ ಹೋಗ್ರಿ. ಮೂರು ತಿಂಗಳು ಈ ಕಡೆ ತಲೆ ಹಾಕ್ಬೇಡಿ," ಎಂದು ಎಲ್ಲರೆದುರಿಗೇ ಹೇಳಿದ್ದಳು. ಆ ಮೂರು ತಿಂಗಳಲ್ಲಿ ಅವನು ಚದುರಂಗ ಕಲಿತ. ಮತ್ತೆ ರೇಂಜಿಗೆ ಬರಲೇ ಇಲ್ಲ.

ಅವಳು ಬರುವುದಕ್ಕೆ ಮುಂಚೆ ಕ್ಲಬ್ಬಿನ ರೀತಿಯೇ ಬೇರೆ ಇತ್ತು. ಕಟ್ಟಡದ ಕಂಟ್ರಾಕ್ಟರ್ ಒಬ್ಬರು ಬಂದೂಕು ಒರೆಸುತ್ತಾ ಕೂತು ತಗಡಿನ ಚಾವಣಿಗೆ ತೂತು ಮಾಡಿದ್ದರು. ಮಳೆ ಬಂದಾಗ ಅದರ ಕೆಳಗೆ ಬಕೆಟ್ ಇಡುವುದನ್ನು ಬಿಟ್ಟರೆ ಆ ಬಗ್ಗೆ ಯಾರೂ ತುಟಿ ಪಿಟಕ್ ಎನ್ನಲಿಲ್ಲ. ಇನ್ನೊಬ್ಬ ಮಹಾಶಯರು ಗುರಿಯ ಕಾಗದದಲ್ಲಿ ಹತ್ತರ ಗೆರೆಗೆ ಕೂದಲೆಳೆಯಷ್ಟು ದೂರ ಉಳಿದ ತೂತನ್ನು ಪೆನ್ಸಿಲ್ ಮೊನೆಯಿಂದ ಗೆರೆಗೆ ಮುಟ್ಟಿಸಿ ಹತ್ತು ಅಂಕ ಬರೆದುಕೊಳ್ಳುತ್ತಿದ್ದರು. ಎಲ್ಲರಿಗೂ ಎಲ್ಲ ಗೊತ್ತು, ಯಾರೂ ಏನೂ ಹೇಳುತ್ತಿರಲಿಲ್ಲ, ಚಹಾ ಮಾತ್ರ ಚೆನ್ನಾಗಿ ಖರ್ಚಾಗುತ್ತಿತ್ತು. ಸೀಟಿಯಕ್ಕ ಬಂದು ಇದಕ್ಕೆಲ್ಲ ಲಗಾಮು ಹಾಕಿದಳು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾಗಿದ್ದ ಕಾರ್ಯದರ್ಶಿಗೆ, ಎಲ್ಲರೂ ಗಾರ್ಡ್ ಸಾಹೇಬರು ಎನ್ನುತ್ತಿದ್ದ ಆ ಹಿರಿಯರಿಗೆ, ಅವಳ ಮಾತೆಂದರೆ ಹಸಿರು ಬಾವುಟ ಇದ್ದ ಹಾಗೆ. ಅವಳು ಸರಿ ಅಂದರೆ ಸರಿ.

ವಾರದ ಉಳಿದ ದಿನ ಅವಳು ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿರುತ್ತಿದ್ದಳು. ಕಣ್ಣು ನೋಡುವುದು, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು, ಎಲ್ಲ ಅವಳೇ. ವರ್ಷಕ್ಕೊಮ್ಮೆ ಸುತ್ತಲ ಊರುಗಳ ಕ್ಲಬ್ಬುಗಳೆಲ್ಲ ಸೇರುವ ವಲಯ ಪಂದ್ಯಕ್ಕೆ ಪ್ರತಿ ಕ್ಲಬ್ಬಿನಿಂದ ಒಬ್ಬ ಹೆಂಗಸನ್ನು ಕಳಿಸುತ್ತಿದ್ದರು. ಆ ಜಾಗಕ್ಕೆ ಇವಳನ್ನು ಬಿಟ್ಟು ಬೇರೆ ಯಾರ ಹೆಸರೂ ಯಾವತ್ತೂ ಬಂದಿರಲಿಲ್ಲ. ಓರಗಿತ್ತಿ ಬರುವ ತನಕ.

ಓರಗಿತ್ತಿ ಎಂದರೆ ಗಂಡನ ತಮ್ಮನ ಹೆಂಡತಿ. ಮಹಡಿಯ ಮೇಲೆ ಇವರು, ಕೆಳಗೆ ಅವರು. ಆಸ್ಪತ್ರೆಯ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವುದು ಅವಳ ಕೆಲಸ. ಸಣ್ಣ ಮಕ್ಕಳು ಕೂಡ ಅವಳ ಹತ್ತಿರ ಅಳುತ್ತಿರಲಿಲ್ಲವಂತೆ. ಸೂಜಿ ಹೋಗಿದ್ದು ಬಂದಿದ್ದು ಗೊತ್ತೇ ಆಗುತ್ತಿರಲಿಲ್ಲವಂತೆ. ಮದುವೆಯಾಗಿ ಬಂದ ಮೊದಲ ವರ್ಷ ಅವಳು ಅಕ್ಕಾ ಅಕ್ಕಾ ಎಂದು ಬೆನ್ನು ಹತ್ತಿ, "ನಂಗೂ ಕಲಿಸಿ, ಒಂದೇ ಒಂದ್ಸಲ," ಎಂದಳು. ಸೀಟಿಯಕ್ಕನಿಗೂ ಹೆಮ್ಮೆಯೇ. ತನ್ನ ಹಳೆಯ ಜಾಕೆಟ್ಟನ್ನು ಅವಳ ಮೈಗೆ ಹಿಡಿಯುವಂತೆ ಹೊಲಿಸಿಕೊಟ್ಟಳು. ಬೋಲ್ಟ್ ತೆರೆಯುವುದು, ಬೆರಳನ್ನು ಟ್ರಿಗರ್‌ನಿಂದ ದೂರ ಇಡುವುದು, ಗುಂಡು ಹೊರಡುವ ನಳಿಗೆಯನ್ನು ಸದಾ ದಿಬ್ಬದ ಕಡೆಗೇ ಇಡುವುದು, ಉಸಿರು ಬಿಟ್ಟು ಅರ್ಧದಲ್ಲಿ ಹಿಡಿಯುವುದು, ಎಲ್ಲವನ್ನೂ ಕೈಹಿಡಿದು ಕಲಿಸಿದಳು.

ಹುಡುಗಿ ಕಲಿತಳು. ಕಲಿತಿದ್ದೇ ತಪ್ಪಾಯಿತು ನೋಡಿ.

ಮೊದಲು ಸೀಟಿಯಕ್ಕನ ಸಮಕ್ಕೆ ಬಂದಳು, ಆಮೇಲೆ ಒಂದಂಕ ಮುಂದೆ ಹೋದಳು, ಆಮೇಲೆ ಹಿಂತಿರುಗಿ ನೋಡುವ ಅಗತ್ಯವೇ ಅವಳಿಗೆ ಬೀಳಲಿಲ್ಲ. ಗುರಿಯ ಕಾಗದ ತಂದು ಮೇಜಿನ ಮೇಲಿಟ್ಟರೆ ನಡುವಿನ ಕಪ್ಪಿನಲ್ಲಿ ಒಂದೇ ಒಂದು ತೂತು, ಸ್ವಲ್ಪ ಅಗಲವಾದದ್ದು, ಎಲ್ಲ ಗುಂಡುಗಳೂ ಒಂದೇ ಬಾಗಿಲಿನಿಂದ ಹೋದ ಹಾಗೆ. ಗಂಡಸರೆಲ್ಲ ಚಹಾದ ಲೋಟ ಹಿಡಿದು ಸುತ್ತ ನಿಂತು, "ಸೀಟಿಯಕ್ಕ, ನಿಮ್ಮ ಶಿಷ್ಯೆ ನಿಮ್ಮನ್ನೇ ಮೀರಿಸಿದ್ಲಲ್ಲ," ಎಂದು ಹಲ್ಲು ಕಿರಿಯುತ್ತಿದ್ದರು. ಅವಳೂ ನಗುತ್ತಿದ್ದಳು. ಆ ನಗುವನ್ನು ಮುಖದ ಮೇಲೆ ಹಿಡಿದಿಡಲು ಬೇಕಾಗುವ ಶಕ್ತಿಯಲ್ಲಿ ಒಂದು ಗಾಜು ಉಜ್ಜಿ ಮುಗಿಸಬಹುದಿತ್ತು.

ಮನೆಯಲ್ಲೂ ಅದೇ ರಗಳೆ. ಮೊದಲೆಲ್ಲ ಭಾನುವಾರ ಬಂದು ಚಪ್ಪಲಿ ಬಿಡುವಾಗ ಗಂಡ ಚದುರಂಗದ ಮಣೆಯಿಂದ ತಲೆ ಎತ್ತಿ, "ಎಷ್ಟಾಯ್ತು ಇವತ್ತು?" ಎನ್ನುತ್ತಿದ್ದ. ಈಗ, "ಚಿಕ್ಕೋಳು ಎಷ್ಟು ಹೊಡೆದ್ಲು?" ಎನ್ನತೊಡಗಿದ. ಅವನ ಮಟ್ಟಿಗೆ ಅದರಲ್ಲಿ ಏನೂ ಇರಲಿಲ್ಲ. ಅವಳಿಗೆ ಮಾತ್ರ ಆ ಪ್ರಶ್ನೆ ಗಂಟಲಿಗೆ ಸಿಕ್ಕ ಮುಳ್ಳು.

ಕೆಳಗಿನ ಮನೆಯಿಂದ ನಗು ಕೇಳಿಸಿದರೆ ಅದು ತನ್ನ ಬಗ್ಗೆಯೇ ಇರಬೇಕು ಅನಿಸುತ್ತಿತ್ತು. ಮೆಟ್ಟಿಲ ಕಂಬಿಗೆ ಒಣಗಲು ಹಾಕಿದ ಓರಗಿತ್ತಿಯ ಕೈಗವಸು ಕಂಡರೂ ಹೊಟ್ಟೆಯೊಳಗೆ ಕೆಂಡ ಕದಲಿದಂತಾಗುತ್ತಿತ್ತು. ಅವಳಿಗೆ ಕೆಟ್ಟದಾಗಲಿ ಎಂದೇನೂ ಇವಳು ಬಯಸಿದವಳಲ್ಲ. ಒಂದು ಜ್ವರ ಬರಲಿ, ಸಣ್ಣದು ಸಾಕು, ಆಯ್ಕೆಯ ದಿನ ಮಲಗಿಸುವಷ್ಟು, ಎಂದು ಒಮ್ಮೆ ಮನಸ್ಸಿನಲ್ಲಿ ಹಾದುಹೋಗಿತ್ತು, ಅಷ್ಟೆ. ಆಯ್ಕೆಗೆ ಇನ್ನೆರಡು ವಾರ ಇದೆ ಎನ್ನುವಾಗ ಓರಗಿತ್ತಿಗೆ ನಿಜಕ್ಕೂ ನೆಗಡಿಯಾಗಿ, ಮೂಗು ಸೋರಿಸಿಕೊಂಡೇ ಬಂದು ಅಭ್ಯಾಸದಲ್ಲಿ ಎಲ್ಲರಿಗಿಂತ ಹೆಚ್ಚು ಹೊಡೆದಾಗ, ದೇವರು ಕೂಡ ಅವಳ ಪಕ್ಷವೇ ಇರಬೇಕು ಎಂದುಕೊಂಡಳು.

ಆ ವಾರದಲ್ಲೇ ಒಂದು ಸಂಜೆ ರೇಂಜಿನಲ್ಲಿ ಇಬ್ಬರೇ ಉಳಿದಿದ್ದರು. ಮಿಕ್ಕವರೆಲ್ಲ ಕ್ಲಬ್ಬಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಓರಗಿತ್ತಿ ಚಾಪೆಯ ಮೇಲೆ ಮಲಗಿ ಒಂದೊಂದೇ ಗುಂಡು ತುಂಬಿ ಹೊಡೆಯುತ್ತಿದ್ದಳು. ಸೀಟಿಯಕ್ಕ ಪಕ್ಕದಲ್ಲಿ ನಿಂತು, ಮೂರು ಕಾಲಿನ ಸ್ಟ್ಯಾಂಡಿನ ಮೇಲಿನ ದೂರದರ್ಶಕದಲ್ಲಿ ಅವಳ ಗುರಿಯನ್ನು ನೋಡುತ್ತಿದ್ದಳು. ಫಟ್, ಹತ್ತು. ಫಟ್, ಹತ್ತು. ಮತ್ತೆ ಹತ್ತು. ನೋಡಬಾರದು ಎಂದುಕೊಂಡರೂ ಕಣ್ಣು ಕೀಳಲಾಗಲಿಲ್ಲ, ಹುಣ್ಣನ್ನು ಬೆರಳು ಹುಡುಕಿಕೊಂಡು ಹೋದ ಹಾಗೆ. ಕೊನೆಗೆ ಸಹಿಸಲಾಗಲಿಲ್ಲ. ಸೀಟಿ ಊದಬೇಕಿತ್ತು, ಊದಲಿಲ್ಲ. ಗುಂಡು ತೆಗಿ, ಬೋಲ್ಟ್ ತೆರೆ ಎನ್ನಬೇಕಿತ್ತು, ಅನ್ನಲಿಲ್ಲ. ಚಾಪೆಯ ಅಂಚನ್ನು ಕಾಲಿನಿಂದ ಒದ್ದು, "ಸಾಕು, ಏಳು," ಎಂದುಬಿಟ್ಟಳು.

ಓರಗಿತ್ತಿ ಆಗಷ್ಟೇ ಗುಂಡು ತುಂಬಿ ಬೋಲ್ಟ್ ಹಾಕಿದ್ದಳು. ಬೆಚ್ಚಿಬಿದ್ದು, ಏನಾಯಿತೋ ಎಂಬಂತೆ ಮೊಣಕೈ ಊರಿ ಏಳಲು ಹೋದಳು. ಅವಳ ಬೆರಳು ಇರಬಾರದ ಕಡೆ ಇತ್ತು. ಫಟ್ ಎಂದಿತು. ಚಾಪೆಯ ಮುಂದೆ ಮಾರು ದೂರದಲ್ಲಿ ನೆಲದಿಂದ ಮಣ್ಣು ಚಿಮ್ಮಿತು.

ಓರಗಿತ್ತಿಯೇ ಮೊದಲು ಅಲುಗಾಡಿದಳು. ಬೋಲ್ಟ್ ತೆರೆದಳು, ಹಾರಿದ ಗುಂಡಿನ ಖಾಲಿ ಕೊಳವೆ ಚಾಪೆಯ ಮೇಲೆ ಬಿತ್ತು. ರೈಫಲ್ಲನ್ನು ದಿಬ್ಬದ ಕಡೆಗೇ ಇಟ್ಟು ಎದ್ದು ನಿಂತಳು. ಮುಖ ಸುಣ್ಣವಾಗಿತ್ತು.

"ಅಕ್ಕಾ, ಏನ್ ಮಾಡ್ಬಿಟ್ಟೆ ನಾನು. ಬೆರಳು ಅಲ್ಲಿದ್ದಿದ್ದೇ ಗೊತ್ತಾಗ್ಲಿಲ್ಲ."

"ಗೊತ್ತಾಗ್ಬೇಕಿತ್ತು," ಎಂದಳು ಸೀಟಿಯಕ್ಕ.

"ಹೌದು. ಬನ್ನಿ, ಗಾರ್ಡ್ ಸಾಹೇಬ್ರಿಗೆ ಹೇಳೋಣ. ನೀವು ಹೇಳೋದು ಬೇಡ, ನಾನೇ ಹೇಳ್ತೀನಿ."

ಒಂದು ಕ್ಷಣ ಸೀಟಿಯಕ್ಕನಿಗೆ, ಹೇಳುವುದೇ ಬೇಡ ಎನ್ನೋಣ ಅನಿಸಿತು. ಹೇಳಿದರೆ ಸೀಟಿ ಊದದ ಮಾತೂ ಬಂದೀತು. ಆದರೆ ಓರಗಿತ್ತಿ ಆಗಲೇ ಹೊರಟಿದ್ದಳು.

ಕ್ಲಬ್ಬಿನ ಕೋಣೆಯಲ್ಲಿ ಐದಾರು ಜನ ಇದ್ದರು. ಎಲ್ಲರೆದುರಿಗೇ ಓರಗಿತ್ತಿ ಕೈ ಕಟ್ಟಿ ನಿಂತು ಆದದ್ದನ್ನು ಆದ ಹಾಗೆ ಹೇಳಿದಳು. ಗುಂಡು ತುಂಬಿದ್ದು, ಬೋಲ್ಟ್ ತೆರೆಯದೆ ಎದ್ದದ್ದು, ಬೆರಳು. ಅಕ್ಕ ಸೀಟಿ ಊದಲಿಲ್ಲ, ಚಾಪೆ ಒದ್ದಳು ಎಂಬುದನ್ನು ಮಾತ್ರ ಹೇಳಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ, ಅದು ತಪ್ಪು ಎಂದು ಅವಳಿಗೆ ಹೊಳೆಯಲೇ ಇಲ್ಲವೋ.

ಗಾರ್ಡ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಳಿಗೆ ಮುಂದಕ್ಕೇ ಇತ್ತು ತಾನೆ? ಗುಂಡು ನೆಲಕ್ಕೇ ಹೋಗಿದೆ ತಾನೆ? ಸರಿ. ತಪ್ಪು ತಪ್ಪೇ. ಒಂದು ವಾರ ಮೊದಲಿಂದ ಪಾಠ ಕಲೀಬೇಕು, ಆಮೇಲೆ ರೈಫಲ್ ಮುಟ್ಟಬೇಕು." ಆಮೇಲೆ ಸುತ್ತ ಕೂತವರ ಕಡೆ ತಿರುಗಿದರು. "ಆದ್ರೆ ನೋಡ್ರಪ್ಪ, ನಾನು ಈ ಕುರ್ಚಿ ಮೇಲೆ ಕೂತು ತಲೆಗೂದಲು ಬೆಳ್ಳಗಾಯ್ತು. ತಾನಾಗೇ ಬಂದು, ನಾನು ತಪ್ಪು ಮಾಡಿದೆ ಅಂದೋರನ್ನ ಇವತ್ತೇ ಮೊದಲು ನೋಡ್ತಿರೋದು. ಇಂಥೋರು ಬೇಕು ಕ್ಲಬ್ಬಿಗೆ."

ಚಾವಣಿಗೆ ತೂತು ಮಾಡಿದ್ದ ಕಂಟ್ರಾಕ್ಟರ್ ತಮ್ಮ ಲೋಟದೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡತೊಡಗಿದರು. ಯಾರೋ ಓರಗಿತ್ತಿಗೆ ಕುರ್ಚಿ ಕೊಟ್ಟರು, ಇನ್ಯಾರೋ ನೀರು ಕೊಟ್ಟರು.

ಸೀಟಿಯಕ್ಕ ಬಾಗಿಲ ಹತ್ತಿರವೇ ನಿಂತಿದ್ದಳು. ಇಷ್ಟು ವರ್ಷ ಬಿಸಿಲಿನಲ್ಲಿ ನಿಂತು, ಗಂಡನನ್ನು ಕೂಡ ಬಿಡದೆ, ಈ ಜನರನ್ನು ತಿದ್ದಿದ್ದು ಅವಳು. ಗುಂಡು ಹಾರಿಸಿ ಬಂದವಳಿಗೆ ಕುರ್ಚಿ, ನೀರು, ಹೊಗಳಿಕೆ! ಗುರಿಯಲ್ಲಿ ಗೆದ್ದಳು, ಸರಿ; ತಪ್ಪು ಮಾಡುವುದರಲ್ಲೂ ಇವಳೇ ಗೆಲ್ಲಬೇಕೆ? ಮೈಯೊಳಗಿಂದ ಏನೋ ಬುಸುಗುಟ್ಟಿ ಎದ್ದು, ಅವಳು ತಡೆಯುವುದರೊಳಗೆ ಬಾಯಿಗೆ ಬಂದುಬಿಟ್ಟಿತು.

"ನಳಿಗೆ ಮುಂದಕ್ಕೇ ಇರಲಿಲ್ಲ," ಎಂದಳು.

ಎಲ್ಲರೂ ತಿರುಗಿದರು.

"ಏಳುವಾಗ ನನ್ನ ಕಡೆ ತಿರುಗಿತ್ತು. ನನ್ನ ಎದೆ ಮೇಲೆ ಹಾದು ಮುಂದಕ್ಕೆ ಹೋಯ್ತು, ಆಮೇಲೆ ಹಾರ್ತು."

ಈಗ ಓರಗಿತ್ತಿ ಇಲ್ಲ ಎನ್ನುತ್ತಾಳೆ, ಆಗ ತಾನು ನೋಡಿಕೊಳ್ಳುತ್ತೇನೆ, ಎಂದು ಸೀಟಿಯಕ್ಕ ಮೈ ಬಿಗಿಹಿಡಿದು ನಿಂತಳು. ಓರಗಿತ್ತಿ ಇಲ್ಲ ಎನ್ನಲಿಲ್ಲ. ಕುರ್ಚಿಯಿಂದ ಮೆಲ್ಲಗೆ ಎದ್ದು ಅವಳ ಮುಖವನ್ನೇ ನೋಡಿದಳು.

"ನಿಮ್ಮ ಕಡೆಗಾ, ಅಕ್ಕಾ? ನಂಗೆ... ನಂಗೆ ನೆನಪೇ ಇಲ್ಲ. ನಿಮ್ಮ ಕಡೆಗಾ?"

"ಹೌದು."

"ಹಾಗಾದ್ರೆ ಒಂದು ಕ್ಷಣ ಮುಂಚೆ ಹಾರಿದ್ದಿದ್ರೆ..." ಎಂದವಳು ಮುಂದೆ ಹೇಳಲಾಗದೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಗಾರ್ಡ್ ಸಾಹೇಬರ ಮುಖ ಗಟ್ಟಿಯಾಯಿತು. ತುಂಬಿದ ಬಂದೂಕು ಮನುಷ್ಯರ ಕಡೆ ತಿರುಗಿದರೆ ಅದಕ್ಕಿಂತ ದೊಡ್ಡ ತಪ್ಪು ಅಲ್ಲಿರಲಿಲ್ಲ. ಒಂದು ವರ್ಷ ರೇಂಜಿನೊಳಗೆ ಕಾಲಿಡುವ ಹಾಗಿಲ್ಲ ಎಂದರು. ಓರಗಿತ್ತಿ ತಲೆಯಾಡಿಸಿದಳು. ಅವಳಿಗೆ ಅದು ಕೇಳಿಸಿತೋ ಇಲ್ಲವೋ.

ಮೊದಲ ಎರಡು ದಿನ ಸೀಟಿಯಕ್ಕನಿಗೆ ಹಗುರಾಗಿತ್ತು, ಸುಳ್ಳೇಕೆ ಹೇಳಬೇಕು. ಅಂಗಡಿಯಲ್ಲಿ ಗಾಜು ಉಜ್ಜುತ್ತಾ ಗುನುಗಿಕೊಂಡಳು. ಆಯ್ಕೆಯ ದಿನ ಅವಳೊಬ್ಬಳೇ ಚಾಪೆಯ ಮೇಲಿದ್ದಳು, ಅವಳೇ ಆಯ್ಕೆಯಾದಳು. ಮನಸ್ಸು ಏನಾದರೂ ಕೆದಕಿದರೆ ಅದಕ್ಕೆ ಉತ್ತರ ಸಿದ್ಧವಿತ್ತು: ಗುಂಡು ಹಾರಿದ್ದು ನಿಜ ತಾನೆ? ಬೆರಳು ಅಲ್ಲಿದ್ದದ್ದು ನಿಜ ತಾನೆ? ಸ್ವಲ್ಪ ಅತ್ತಿತ್ತ ಆಗಿದ್ದರೆ ನಳಿಗೆ ತನ್ನ ಕಡೆ ತಿರುಗುತ್ತಲೂ ಇತ್ತು.

ಆದರೆ ಕೆಳಗಿನ ಮನೆಯಲ್ಲಿ ನಗು ನಿಂತುಹೋಗಿತ್ತು. ಸಕ್ಕರೆಗೋ ಕೊತ್ತಂಬರಿಗೋ ದಿನಕ್ಕೆರಡು ಸಲ ಮಹಡಿ ಹತ್ತಿ ಬರುತ್ತಿದ್ದವಳು ಬರಲೇ ಇಲ್ಲ. ಕೋಪ ಮಾಡಿಕೊಂಡಿದ್ದರೆ ಸೀಟಿಯಕ್ಕನಿಗೆ ಸುಲಭವಾಗುತ್ತಿತ್ತು. ಮೈದುನ ಬಂದು ಹೇಳಿದ್ದು ಬೇರೆಯೇ.

"ಅತ್ತಿಗೆ, ನೀವಾದ್ರೂ ಒಂಚೂರು ಮಾತಾಡ್ಸಿ. ರೈಫಲ್ ಮಾರಿಬಿಡು ಅಂತ ಹಟ ಹಿಡಿದು ಕೂತಿದಾಳೆ. ನಿಮ್ಮನ್ನ ನೋಡೋಕೆ ಮುಖ ಇಲ್ವಂತೆ. ನಿದ್ದೇಲಿ ಬೆಚ್ಚಿ ಬೀಳ್ತಾಳೆ. ಅಕ್ಕಾ ಅಕ್ಕಾ ಅಂತ ಕೂಗ್ತಾಳೆ."

"ಎಲ್ಲ ಸರಿ ಹೋಗುತ್ತೆ ಬಿಡು," ಎಂದಳು ಸೀಟಿಯಕ್ಕ. ಮಾತಾಡಿಸಲು ಹೋಗಲಿಲ್ಲ.

ವಲಯ ಪಂದ್ಯಕ್ಕೆ ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ, ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಅವಳು ಆಸ್ಪತ್ರೆಗೆ ಹೋಗಬೇಕಾಯಿತು. ಓರಗಿತ್ತಿಯ ಪಾಳಿ ಅಲ್ಲದ ಹೊತ್ತು ನೋಡಿಕೊಂಡೇ ಹೋಗಿದ್ದಳು. ಪಾಳಿ ಬದಲಾಗಿತ್ತು. ಪರದೆ ಸರಿಸಿ ಒಳಗೆ ಹೋದರೆ ಎದುರಿಗೆ ಅವಳೇ. ಇಬ್ಬರೂ ಒಂದು ಕ್ಷಣ ತಬ್ಬಿಬ್ಬಾದರು. ಹೊರಗೆ ಸಾಲು ಉದ್ದವಿತ್ತು, ಹಿಂದಿರುಗಿ ಹೋಗುವುದೂ ಚೆನ್ನಾಗಿರಲಿಲ್ಲ. ಸೀಟಿಯಕ್ಕ ಕುರ್ಚಿಯಲ್ಲಿ ಕೂತು ತೋಳು ಚಾಚಿದಳು.

ಓರಗಿತ್ತಿ ರಬ್ಬರ್ ಪಟ್ಟಿ ಬಿಗಿದಳು, ಹತ್ತಿಯಿಂದ ಒರೆಸಿದಳು, ಬೆರಳಿನಿಂದ ನರ ಹುಡುಕಿದಳು. ಸೂಜಿ ಕೈಗೆತ್ತಿಕೊಂಡಳು. ಅದರ ಮೊನೆ ತೋಳಿನ ಹತ್ತಿರ ಬಂದದ್ದೇ ತಡ, ಆ ಕೈ ನಡುಗತೊಡಗಿತು. ಮೊದಲು ಸಣ್ಣಗೆ, ಆಮೇಲೆ ತಟ್ಟೆಯಲ್ಲಿದ್ದ ಸೀಸೆಗಳು ಗಲಗಲ ಎನ್ನುವಷ್ಟು. ಅವಳು ಸೂಜಿಯನ್ನು ಕೆಳಗಿಟ್ಟು ಕೈಯನ್ನು ಕಂಕುಳಲ್ಲಿ ಒತ್ತಿಹಿಡಿದಳು.

"ಆಗಲ್ಲ ಅಕ್ಕಾ. ಬೇರೆಯವರನ್ನ ಕರೀತೀನಿ."

"ಯಾಕೆ? ಏನಾಯ್ತು?"

"ಎಲ್ಲರಿಗೂ ಹೀಗೇ ಆಗ್ತಿದೆ ಈಗ. ನಿನ್ನೆ ಒಬ್ಬ ಅಜ್ಜಿಗೆ ಮೂರು ಸಲ ಚುಚ್ಚಿದೆ, ಸಿಗ್ಲಿಲ್ಲ. ಪಾಪ, ಕೈಯೆಲ್ಲ ಕಂದಿಹೋಯ್ತು. ಕೌಂಟರ್ ಕೆಲಸಕ್ಕೆ ಹಾಕಿ ಅಂತ ಕೇಳ್ಕೊಂಡಿದೀನಿ." ಆಮೇಲೆ ತೀರ ಮೆಲ್ಲಗೆ, "ನಿಮ್ಮ ಕಡೆಗಂತೂ ನನ್ನ ಕೈಲಿ ಏನನ್ನೂ ತಿರುಗಿಸೋಕೆ ಆಗಲ್ಲ ಅಕ್ಕಾ. ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ. ಆಗದೇ ಇದ್ದಿದ್ದು ಕೂಡ ಕಾಣುತ್ತೆ," ಎಂದಳು.

ಆಗದೇ ಇದ್ದದ್ದು ಎಂದಾಗ, ತನ್ನ ಸುಳ್ಳು ಇವಳಿಗೆ ತಿಳಿದುಬಿಟ್ಟಿತೇನೋ ಎಂದುಕೊಂಡಳು ಸೀಟಿಯಕ್ಕ. ಆದರೆ ಹುಡುಗಿ ಹೇಳಿದ್ದು ಗುಂಡು ತಗುಲಿದ ದೃಶ್ಯವನ್ನು. ಬೇರೆಯವಳು ಬಂದು ರಕ್ತ ತೆಗೆದಳು. ನೋವಾಯಿತು.

ಅಂದೇ ಹೇಳಿಬಿಡಬಹುದಿತ್ತು. ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡಳು. ಬಾಗಿಲ ಬೀಗ ತೆಗೆಯುವ ಹೊತ್ತಿಗೆ ಒಳಗಿನ ಇನ್ನೊಂದು ದನಿ, ಪಂದ್ಯ ಮುಗಿಯಲಿ, ಎಂದಿತು. ಇನ್ನೇನು ಬಂದೇಬಿಟ್ಟಿದೆ. ಈಗ ಹೇಳಿದರೆ ಜಾಗ ಅವಳಿಗೆ ಹೋಗುತ್ತದೆ. ನಡುಗುವ ಕೈ ನೆಟ್ಟಗಾಗಲು ಎಷ್ಟು ಹೊತ್ತು? ಅಷ್ಟರ ಮಟ್ಟಿಗೆ ಆ ಹೊಟ್ಟೆಕಿಚ್ಚು ಅವಳನ್ನು ಹಿಡಿದಿತ್ತು. ತನ್ನಿಂದಾಗಿ ಇನ್ನೊಬ್ಬಳ ಕೈ ನಡುಗುವುದನ್ನು ಕಣ್ಣಾರೆ ಕಂಡು ಬಂದ ಮೇಲೂ.

ಪಂದ್ಯಕ್ಕೆ ಹೋದಳು. ಪಕ್ಕದ ಚಾಪೆಯಲ್ಲಿ ಓರಗಿತ್ತಿ ಇಲ್ಲ, ಕಣ್ಣು ಆ ಕಡೆ ಓಡುವ ಪ್ರಶ್ನೆಯೇ ಇಲ್ಲ. ಎಷ್ಟೋ ವರ್ಷದಿಂದ ಹೊಡೆಯದಷ್ಟು ಚೆನ್ನಾಗಿ ಹೊಡೆದು ಎರಡನೆಯ ಬಹುಮಾನ ಪಡೆದಳು. ಕೊರಳಿಗೆ ಪದಕ ಬಿತ್ತು. ಆಮೇಲೆ ಬೇರೆ ಬೇರೆ ಕ್ಲಬ್ಬಿನವರೆಲ್ಲ ಸೇರಿ ಚಹಾ ಕುಡಿಯುವಾಗ ಗಾರ್ಡ್ ಸಾಹೇಬರು ಅವಳ ಬೆನ್ನು ತಟ್ಟಿ ಒಬ್ಬೊಬ್ಬರಿಗೂ ಪರಿಚಯಿಸತೊಡಗಿದರು.

"ಪದಕ ಬಿಡಿ, ಅದು ಯಾರಿಗಾದ್ರೂ ಬರುತ್ತೆ. ಈಯಮ್ಮ ಸ್ವಂತ ಓರಗಿತ್ತಿಯ ತಪ್ಪನ್ನ ಮುಚ್ಚಿಡದೆ ನಾಲ್ಕು ಜನರ ಮುಂದೆ ಹೇಳಿದೋರು. ಒಂದೇ ಮನೇಲಿರೋರು, ನೆನಪಿರಲಿ. ನಾನಂತೂ ಅವತ್ತು ಆ ಹುಡುಗಿ ಮಾತು ನಂಬಿ ಬಿಟ್ಟುಬಿಡೋನಿದ್ದೆ."

ಕೇಳಿದವರು ತಲೆದೂಗಿದರು. ಒಬ್ಬರು ಎದ್ದು ನಿಂತು ಕೈಮುಗಿದರು. ಸೀಟಿಯಕ್ಕ ಬಾಯಲ್ಲಿದ್ದ ಚಹಾ ನುಂಗಲಾಗದೆ, ಉಗುಳಲಾಗದೆ ನಿಂತಳು. ಇಷ್ಟು ದಿನ ತನಗೆ ಬೇಕಾಗಿದ್ದದ್ದು ಇದೇ, ಎಲ್ಲರೂ ತನ್ನನ್ನು ನೋಡಬೇಕು, ಅವಳನ್ನಲ್ಲ. ಸಿಕ್ಕಿತ್ತು. ಅವರು ಕೈಮುಗಿಯುತ್ತಿದ್ದ ಹೆಂಗಸು ಮಾತ್ರ ತಾನಲ್ಲ. ತಪ್ಪನ್ನು ಮುಚ್ಚಿಡದೆ ಹೇಳಿದವಳು ಕೆಳಗಿನ ಮನೆಯಲ್ಲಿ ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು ಕೂತಿದ್ದಳು. ಈ ಹೊಗಳಿಕೆಯೂ ಅವಳದೇ ಆಗಿತ್ತು. ಎಷ್ಟು ಕಿತ್ತುಕೊಂಡರೂ ಕೊನೆಗೆ ಕೈಗೆ ಬರುವುದೆಲ್ಲ ಅವಳದೇ.

ಊರಿಗೆ ಬಂದವಳು ಮಹಡಿ ಹತ್ತಲಿಲ್ಲ. ಚೀಲವನ್ನು ಮೆಟ್ಟಿಲ ಬುಡದಲ್ಲಿಟ್ಟು ಕೆಳಗಿನ ಮನೆಯ ಬಾಗಿಲು ತಟ್ಟಿದಳು. ಓರಗಿತ್ತಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಪದಕ ನೋಡಿ, ಕಷ್ಟಪಟ್ಟು ನಕ್ಕಳು. "ಬಂತಾ ಅಕ್ಕಾ! ಒಳ್ಳೇದಾಯ್ತು."

"ಕೂತ್ಕೋ," ಎಂದಳು ಸೀಟಿಯಕ್ಕ. ತಾನು ಕೂರಲಿಲ್ಲ. "ನಳಿಗೆ ನನ್ನ ಕಡೆ ತಿರುಗಿರಲಿಲ್ಲ."

ಓರಗಿತ್ತಿಗೆ ಅರ್ಥವಾಗಲಿಲ್ಲ.

"ಮುಂದಕ್ಕೇ ಇತ್ತು. ಮೊದಲಿಂದ ಕೊನೇವರೆಗೂ. ನೀನು ಹೇಳಿದ್ದೇ ನಿಜ. ನಾನು ಸುಳ್ಳು ಹೇಳ್ದೆ. ಸೀಟಿ ಊದದೆ, ಹೇಳಬೇಕಾದ್ದು ಹೇಳದೆ ಚಾಪೆ ಒದ್ದಿದ್ದೂ ನಾನೇ. ನೀನು ಬೆಚ್ಚಿಬಿದ್ದಿದ್ದು ಅದಕ್ಕೇ."

ಓರಗಿತ್ತಿ ಕೈಯಲ್ಲಿದ್ದ ತಟ್ಟೆಯನ್ನು ಬಟ್ಟೆಯ ಸಮೇತ ಮೇಜಿನ ಮೇಲಿಟ್ಟಳು. ಆಮೇಲೆ ಒಂದೇ ಮಾತು ಕೇಳಿದಳು. "ಯಾಕೆ?"

"ಹೊಟ್ಟೆಕಿಚ್ಚು," ಎಂದಳು ಸೀಟಿಯಕ್ಕ. ಬಸ್ಸಿನಲ್ಲಿ ಬೇರೆ ಎಷ್ಟೋ ಕಾರಣ ಜೋಡಿಸಿಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

"ನನ್ನ ಮೇಲಾ?" ಅವಳ ದನಿ ಏರಿತು. "ನಿಮ್ಮ ಹತ್ರಾನೇ ಕಲಿತೋಳ ಮೇಲಾ? ಅಕ್ಕಾ, ನಾನು ದಿನಾ ಕನಸಲ್ಲಿ ನಿಮ್ಮನ್ನ ಕೊಲ್ತಿದ್ದೆ ಗೊತ್ತಾ? ದಿನಾ ಬೆಳಗ್ಗೆ ಏಳೋದು, ನೀವು ಮೆಟ್ಟಿಲಿಳಿಯೋ ಸದ್ದು ಕೇಳಿದ್ಮೇಲೆ, ಸದ್ಯ ಬದುಕಿದಾರೆ ಅಂದ್ಕೊಳ್ಳೋದು. ಗಾರ್ಡ್ ಸಾಹೇಬ್ರು ವರ್ಷ ಅಲ್ಲ, ಹತ್ತು ವರ್ಷ ಹೊರಗಿಟ್ರೂ ನಾನು ಏನೂ ಅಂತಿರ್ಲಿಲ್ಲ. ನನ್ನ ತಲೇಲಿ ಇದನ್ನ ಯಾಕೆ ಇಟ್ರಿ?"

ಸೀಟಿಯಕ್ಕ ಕೊರಳಿನ ಪದಕ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ನಿಮ್ಮ ಕಣ್ಣು ತಪ್ಪು ನೋಡಲ್ಲ ಅಂತ, ನನ್ನ ಕಣ್ಣನ್ನೇ ನಾನು ನಂಬದೆ ಹೋದೆನಲ್ಲ," ಎಂದು ಅವಳು ಅಳುತ್ತಲೇ ಎದ್ದು ಬಾಗಿಲು ತೆರೆದು ಹಿಡಿದಳು. "ಹೋಗಿ ಅಕ್ಕಾ. ಈಗ ಹೋಗಿ."

ಮರುದಿನ ಸೀಟಿಯಕ್ಕ ಕ್ಲಬ್ಬಿಗೆ ಹೋದಳು. ಅಂದಿನ ಹಾಗೆಯೇ ಐದಾರು ಜನ ಇದ್ದರು. ಗಾರ್ಡ್ ಸಾಹೇಬರನ್ನು ಒಳಗೆ ಕರೆದು ಗುಟ್ಟಾಗಿ ಹೇಳಬಹುದಿತ್ತು, ಹಾಗೆ ಮಾಡಲಿಲ್ಲ. ಸೀಟಿಯನ್ನೂ ಪದಕವನ್ನೂ ಅವರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಮೊದಲು ಮಾತಾಡಿದ್ದು ಕಂಟ್ರಾಕ್ಟರ್.

"ಮುಗಿದು ಹೋಗಿದ್ದನ್ನ ಯಾಕ್ ಕೆದಕ್ತೀರಿ ಸೀಟಿಯಕ್ಕ? ಆ ಹುಡುಗಿಗೆ ಮಾಫಿ ಅಂತ ಹೇಳಿದ್ರಾಯ್ತು. ಕ್ಲಬ್ಬಿನ ಮಾನದ ಪ್ರಶ್ನೆ."

"ನೀವು ಸುಮ್ನಿರಿ," ಎಂದರು ಗಾರ್ಡ್ ಸಾಹೇಬರು. ಅವರಿಗೆ ಒಮ್ಮೆಗೇ ವಯಸ್ಸಾದಂತಿತ್ತು. "ನಿನ್ನ ಒಂದು ಮಾತಿಗೆ ಆ ಹುಡುಗಿ ಮಾತನ್ನ ತಳ್ಳಿಹಾಕಿದೆನಲ್ಲಮ್ಮ. ಊರೂರು ತಿರುಗಿ ಹೇಳಿಕೊಂಡು ಬಂದೆ ಬೇರೆ. ಇನ್ನು ಯಾರಾದ್ರೂ ನನ್ನ ಮುಂದೆ ಬಂದು ನಿಜ ಹೇಳಿದ್ರೆ, ನಂಬೋದೋ ಬೇಡವೋ? ನೀನೇ ಹೇಳು."

ಅವರು ಸೀಟಿಯನ್ನು ಮೇಜಿನ ಖಾನೆಗೆ ಹಾಕಿದರು. ರೇಂಜಿನ ಅಧಿಕಾರ ಇನ್ನೆಂದಿಗೂ ಇಲ್ಲ. ಒಂದು ವರ್ಷ ರೈಫಲ್ ಮುಟ್ಟುವ ಹಾಗಿಲ್ಲ. ಪದಕವನ್ನು ಪಂದ್ಯ ನಡೆಸಿದವರಿಗೆ ಕಾರಣ ಹೇಳಿ ಹಿಂದಿರುಗಿಸಿದರು. ಓರಗಿತ್ತಿಗೆ, ಮೊದಲು ಹೇಳಿದ್ದಂತೆ, ಒಂದು ವಾರದ ಪಾಠ ಮಾತ್ರ. ಗಾರ್ಡ್ ಸಾಹೇಬರು ತಾವೇ ಅವಳ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು.

ಪೇಟೆಯಲ್ಲಿ ಸುದ್ದಿ ಹರಡಲು ಹೊತ್ತು ಹಿಡಿಯಲಿಲ್ಲ. ಕೆಲವರು ಕನ್ನಡಕಕ್ಕೆ ಬೇರೆ ಅಂಗಡಿಗೆ ಹೋಗತೊಡಗಿದರು. ಗಂಡ ಮಾತ್ರ ಎಲ್ಲ ಕೇಳಿಸಿಕೊಂಡು, ಮಣೆಯ ಮೇಲಿನ ಕಾಯಿಗಳನ್ನು ಪೆಟ್ಟಿಗೆಗೆ ತುಂಬುತ್ತಾ, "ನಿಂಗೆ ಅಷ್ಟು ಉರೀತಿತ್ತು ಅಂತ ನಂಗೆ ಗೊತ್ತೇ ಆಗ್ಲಿಲ್ಲ ನೋಡು. ಒಂದೇ ಮನೇಲಿದ್ದು," ಎಂದ. ಅದನ್ನು ಬೈಗುಳದ ಹಾಗೆ ಹೇಳಲಿಲ್ಲ, ಅದಕ್ಕೇ ಅವಳಿಗೆ ಅಳು ಬಂತು.

ಓರಗಿತ್ತಿಯ ಕೈ ನೆಟ್ಟಗಾಗಲು ಎರಡು ಮೂರು ತಿಂಗಳೇ ಹಿಡಿಯಿತು. ರೈಫಲ್ ಮಾರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ "ಊಟ ಆಯ್ತಾ" ಎನ್ನುವಷ್ಟು ಮಾತು, ಅದಕ್ಕಿಂತ ಹೆಚ್ಚಿಲ್ಲ. ಮುಂದಿನ ವಲಯ ಪಂದ್ಯಕ್ಕೆ ಅವಳೇ ಆಯ್ಕೆಯಾದಳು ಎಂಬುದು ಸೀಟಿಯಕ್ಕನಿಗೆ ಗಂಡನಿಂದ ತಿಳಿಯಿತು. ಇಷ್ಟೆಲ್ಲ ಆದ ಮೇಲೆ ಆ ಕೆಂಡ ಆರಿರಬೇಕು ಎಂದುಕೊಂಡಿದ್ದಳು. ಆರಿರಲಿಲ್ಲ. ಸುದ್ದಿ ಕಿವಿಗೆ ಬಿದ್ದದ್ದೇ ಹೊಟ್ಟೆಯೊಳಗೆ ಅದೇ ಹಳೆಯ ಉರಿ.

ಪಂದ್ಯಕ್ಕೆ ಮುಂಚೆ ಒಂದು ಮಧ್ಯಾಹ್ನ ಓರಗಿತ್ತಿ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಗುರಿಯ ಅಂಚು ಮಸುಕಾಗ್ತಿದೆ. ಗುಂಡು ಹೊಡೆಯುವಾಗ ಹಾಕ್ಕೊಳ್ಳೋ ಕನ್ನಡಕ ಬೇಕು. ಇನ್ನೆರಡು ಅಂಗಡೀಲಿ ನೋಡಿದೆ, ಅವರಿಗೆ ಮಲಗಿಕೊಂಡು ನೋಡೋ ಲೆಕ್ಕ ಗೊತ್ತಿಲ್ಲ."

"ಕೂತ್ಕೋ," ಎಂದಳು ಸೀಟಿಯಕ್ಕ.

ಅವಳ ಗಲ್ಲವನ್ನು ಬೆರಳಿನಿಂದ ತುಸು ಎತ್ತಿ, ಮಲಗಿದಾಗ ಕತ್ತು ಇರುವ ಹಾಗೆ ಓರೆ ಮಾಡಿ, ಪರೀಕ್ಷೆಯ ಚೌಕಟ್ಟು ಏರಿಸಿದಳು. ಹೀಗೆ ಹತ್ತಿರ ನಿಂತು ಎಷ್ಟು ದಿನವಾಗಿತ್ತು. ಒಂದು ಗಾಜು ಹಾಕಿದಳು, ತೆಗೆದಳು, ಇನ್ನೊಂದು ಹಾಕಿದಳು. "ಇದಾ, ಇದಾ?"

"ಮೊದಲನೇದು."

"ಇನ್ನೊಂದ್ಸಲ ನೋಡು. ಅವಸರ ಮಾಡ್ಬೇಡ."

"ಹ್ಞೂಂ, ಮೊದಲನೇದೇ." ಗಾಜಿನ ಹಿಂದಿನಿಂದ ಅವಳ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. "ಅಕ್ಕಾ, ಈಗಲೂ ಉರಿಯುತ್ತ?"

ಸೀಟಿಯಕ್ಕನ ಕೈ ನಿಂತಿತು. ಇಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು, ಚೆನ್ನಾಗಿಯೂ ಕೇಳಿಸುತ್ತಿತ್ತು.

"ಉರಿಯುತ್ತೆ," ಎಂದಳು.

"ನಂಗೂ ನಿಮ್ಮ ಮೇಲೆ ಕೋಪ ಹೋಗಿಲ್ಲ," ಎಂದಳು ಓರಗಿತ್ತಿ. "ನಾಳೆ ಕೊಡೋಕಾಗುತ್ತಾ?"

"ನಾಳೆ ಸಂಜೆ."

ಅವಳು ಹೋದ ಮೇಲೆ ಸೀಟಿಯಕ್ಕ ಉಜ್ಜುವ ಕಲ್ಲಿನ ಮುಂದೆ ಕೂತಳು. ಒಂದೆಳೆ ಹೆಚ್ಚುಕಡಿಮೆಯಾದರೂ ಐವತ್ತು ಮೀಟರ್ ಆಚೆ ಕಪ್ಪು ಬೊಟ್ಟು ಎರಡಾಗಿ ಕಾಣುತ್ತದೆ. ಆಗ ತಪ್ಪು ಯಾರದೆಂದು ಹಿಡಿಯಬಲ್ಲವರು ಆ ಊರಿನಲ್ಲಿ ಅವಳೊಬ್ಬಳೇ. ಅವಳಿಗೆ ಅದು ಗೊತ್ತಿತ್ತು, ಗೊತ್ತಿದೆ ಎಂಬುದೂ ಗೊತ್ತಿತ್ತು. ಗಾಜನ್ನು ಕಲ್ಲಿಗೆ ಹಿಡಿದಳು. ಒಮ್ಮೆ ಅಳೆದಳು, ಸಾಲದೆ ಮತ್ತೊಮ್ಮೆ ಅಳೆದಳು. ಗಂಡ ಊಟಕ್ಕೆ ಫೋನು ಮಾಡಿದರೆ, "ಚಿಕ್ಕೋಳ ಕನ್ನಡಕ ಮುಗಿಸಿ ಬರ್ತೀನಿ, ನೀವು ಊಟ ಮಾಡಿ," ಎಂದು ಹೇಳಿ ಮತ್ತೆ ತಲೆ ಬಗ್ಗಿಸಿದಳು.